ಲೀಲಕ್ಕನ ಬೆಲ್ಲು, ನನ್ನ ಬಾಲನ್ನು

ನಾನು ಬಾಲನ್ ಮಾಡುತ್ತೇನೆ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಬಲೂನ್ ಎಂದೇ ಕೇಳಿಸಿಕೊಳ್ಳುತ್ತಾರೆ. ಮುಂಬಯಿ ಸಯನ್ನಿನ ಈ ಬಿಲ್ಡಿಂಗಿಗೆ ಬಂದ ಹೊಸದರಲ್ಲಿ ಎರಡನೆಯ ಮಹಡಿಯವರೊಬ್ಬರು ಮಗಳ ಹುಟ್ಟುಹಬ್ಬಕ್ಕೆ ಐವತ್ತು ಬೇಕು, ಗುಲಾಬಿ ಬಣ್ಣದವು ಜಾಸ್ತಿ ಇರಲಿ ಎಂದು ಹೇಳಿ ಹೋದರು. ತಿದ್ದಲು ನನಗೆ ಸಂಕೋಚ. ಬಜಾರಿಗೆ ಹೋಗಿ ಬಲೂನು ತಂದುಕೊಟ್ಟೆ. ಮರುವರ್ಷವೂ ಕೇಳಿದರು, ಮರುವರ್ಷವೂ ತಂದುಕೊಟ್ಟೆ. ನನ್ನ ಸ್ವಭಾವ ಎಂಥದೆಂದು ಇದರಿಂದಲೇ ನಿಮಗೆ ತಿಳಿದಿರಬೇಕು. ಒಂದು ತಪ್ಪನ್ನು ಬಾಯಿಬಿಟ್ಟು ಸರಿಪಡಿಸುವುದಕ್ಕಿಂತ ಅದನ್ನು ಹೊತ್ತುಕೊಂಡು ತಿರುಗುವುದೇ ನನಗೆ ಹಗುರ.

ನಾನು ಹವ್ಯಾಸಿ ರೇಡಿಯೊದವನು. ಸರಕಾರದಿಂದ ಪರವಾನಗಿ ಪಡೆದು, ಮನೆಯ ಮೂಲೆಯಲ್ಲಿ ಕೂತು, ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ಇಂಥದೇ ಹುಚ್ಚರೊಡನೆ ಮಾತಾಡುವ ಹವ್ಯಾಸ ಅದು. ಅದಕ್ಕೆ ತಾರಸಿಯ ಮೇಲೆ ಉದ್ದನೆಯ ತಂತಿ ಬೇಕು, ಅದೇ ಆಂಟೆನಾ. ರೇಡಿಯೊಗೂ ತಂತಿಗೂ ತಾನಾಗಿ ಹೊಂದಿಕೆಯಾಗುವುದು ಅಪರೂಪ. ಹೊಂದದಿದ್ದರೆ ನಾವು ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ಹೊರಟ ದಾರಿಯಲ್ಲೇ ವಾಪಸು ಬರುತ್ತದೆ. ಎರಡನ್ನೂ ಹೊಂದಿಸುವ ಪೆಟ್ಟಿಗೆಗೆ ಟ್ಯೂನರ್ ಎನ್ನುತ್ತಾರೆ. ಬಾಲನ್ ಎಂದರೆ ಫೆರೈಟ್ ಎಂಬ ಕಾಂತೀಯ ವಸ್ತುವಿನ, ಬಳೆಯಂಥ ಕಪ್ಪು ಉಂಗುರಕ್ಕೆ ಲೆಕ್ಕಹಾಕಿ ಸುತ್ತಿದ ತಂತಿ. ಮೇಲೆ ಹೋದ ಶಕ್ತಿ ಕೇಬಲ್ಲಿನ ಹೊರಮೈ ಹಿಡಿದುಕೊಂಡು ಮನೆಯೊಳಗೆ ಇಳಿದು ಬರದಂತೆ ತಡೆಯುವುದು ಅದರ ಕೆಲಸ. ಒಂದು ಕಂಪನಿಯ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದ ಮೇಲೆ ಇವೆರಡನ್ನು ವಿನ್ಯಾಸ ಮಾಡುವುದೇ ನನ್ನ ದಿನಚರಿ. ಕೊಚ್ಚಿಯಿಂದ, ಕೊಲ್ಕತ್ತಾದಿಂದ ಅಪರಿಚಿತರು ತಮ್ಮ ತಂತಿಯ ಕಷ್ಟ ಬರೆಯುತ್ತಾರೆ. ನಾನು ಗ್ರಾಂಟ್ ರೋಡಿನ ಅಂಗಡಿಗಳಲ್ಲಿ ಉಂಗುರ ಹುಡುಕಿ, ಸುತ್ತಿ, ಅಳೆದು, ಬಿಚ್ಚಿ, ಮತ್ತೆ ಸುತ್ತಿ ಕಳಿಸುತ್ತೇನೆ. ನನ್ನ ಸ್ವಂತ ಆಂಟೆನಾಕ್ಕೆ ಮಾತ್ರ ಒಂದು ತುಂಡು ಪ್ಲಾಸ್ಟಿಕ್ ಪೈಪಿಗೆ ಕೇಬಲ್ಲನ್ನು ನಾಲ್ಕು ಸುತ್ತು ಸುತ್ತಿ, ಸದ್ಯಕ್ಕೆ ನಡೆಯಲಿ ಎಂದು ಬಿಟ್ಟಿದ್ದೆ. ಆ ಸದ್ಯಕ್ಕೆ ಆರು ವರ್ಷವಾಗಿತ್ತು.

ಹೆಂಡತಿ ಇದ್ದಾಗ ಅವಳಿಗೆ ಇದೆಲ್ಲ ತಮಾಷೆ. ನನ್ನಂತೆ ಧಾರವಾಡದವಳೇ, ಆದರೆ ಬಾಯಿ ಬಿಗಿ ಹಿಡಿಯುವವಳಲ್ಲ. "ಜಪಾನದವರ ಜೋಡಿ ಮಾತಾಡ್ತೀರಿ, ಎದುರು ಮನಿಯವರ ಹೆಸರು ಗೊತ್ತದನ ನಿಮಗ?" ಎನ್ನುತ್ತಿದ್ದಳು. ಗೊತ್ತಿರಲಿಲ್ಲ. ಅವಳು ತೀರಿಕೊಂಡ ದಿನ ಎದುರು ಮನೆಯಿಂದ ಬಂದು, ಯಾರೂ ಹೇಳದೆ ಅಡುಗೆಮನೆಗೆ ಹೋಗಿ, ಬಂದವರಿಗೆಲ್ಲ ಚಹಾ ಮಾಡಿಕೊಟ್ಟವರೇ ಲೀಲಕ್ಕ ಎಂದು ಆಮೇಲೆ ತಿಳಿಯಿತು.

ಲೀಲಕ್ಕ ಉಡುಪಿ ಕಡೆಯವರು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು, ಮದುವೆಯಾಗಿರಲಿಲ್ಲ. ಬದುಕಿನ ಬಹುಪಾಲು ವಾರ್ಡಿನ ಬೆಲ್ಲಿಗೆ ಎದ್ದು ಓಡಿದವರು. ಈಗ ಮೊಣಕಾಲು ಸರಿಯಿಲ್ಲ, ವಾಕರ್ ಹಿಡಿದು ನಡೆಯಬೇಕು. ಬೊರಿವಲಿಯಲ್ಲಿರುವ ತಮ್ಮನ ಮಗ ಸತೀಶ ಭಾನುವಾರ ಬೆಳಿಗ್ಗೆ ಬಂದು ನೋಡಿಕೊಂಡು ಮಧ್ಯಾಹ್ನವೇ ಹೋಗುತ್ತಾನೆ. ಒಂದು ಭಾನುವಾರ ಅವನು ನನ್ನ ಬಾಗಿಲಿಗೆ ಬಂದ. ಹಿಂದೆ ಲೀಲಕ್ಕ ನಿಂತಿದ್ದರು. ಸಂಜೆ ಹೊತ್ತು ಬೆಲ್ ಹೊಡೆದುಕೊಳ್ಳುತ್ತದೆ, ಹೋಗಿ ನೋಡಿದರೆ ಯಾರೂ ಇರುವುದಿಲ್ಲ ಎಂದು ಅತ್ತೆ ಹೇಳುತ್ತಾರೆ, ನಿಮಗೇನಾದರೂ ಕೇಳಿಸಿದೆಯೇ ಅಂಕಲ್ ಎಂದು ವಿಚಾರಿಸಿದ. ಅವನಿರುವಾಗ ಒಂದು ಸಲವೂ ಹೊಡೆದಿಲ್ಲವಂತೆ. ನಾನು ಪ್ರಾಮಾಣಿಕವಾಗಿ ಯೋಚಿಸಿ, ಇಲ್ಲ, ಒಮ್ಮೆಯೂ ಕೇಳಿಸಿಲ್ಲ ಎಂದೆ. ಸಂಜೆ ನಾಲ್ಕರಿಂದ ಆರರವರೆಗೆ ನನ್ನ ಕಿವಿಗಳ ಮೇಲೆ ಹೆಡ್‌ಫೋನ್ ಇರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಸತೀಶ ಅತ್ತೆಯ ಕಡೆ ತಿರುಗಿ, ಮೆತ್ತಗೆ, ನೋಡಿ ಎನ್ನುವಂತೆ ತಲೆಯಾಡಿಸಿದ. ಲೀಲಕ್ಕ ವಾಕರಿನ ಹಿಡಿಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡರು, ಅಷ್ಟೆ.

ಮುಂದಿನ ವಾರ ಅವರೇ ಒಂದು ಡಬ್ಬಿ ಗೋಳಿಬಜೆ ಕೊಡಲು ಬಂದವರು ವಿಷಯ ಹೇಳಿದರು. ಸತೀಶ ಒಳ್ಳೆಯವನೇ. ಆದರೆ ಇಲ್ಲದ ಬೆಲ್ ಕೇಳಿಸತೊಡಗಿದರೆ ಒಬ್ಬರೇ ಇರುವುದು ಸರಿಯಲ್ಲವೆಂದು ಅವನ ಮಾತು. ಮನೆ ಖಾಲಿ ಮಾಡಿ ಬೊರಿವಲಿಗೆ ಬರಬೇಕಂತೆ. ಅಲ್ಲಿಯೇ ಹತ್ತಿರ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗವೊಂದಿದೆಯಂತೆ. "ನಾನು ನರ್ಸ್ ಅಲ್ವಾ, ತಲೆ ಕೆಡುವುದು ಹೀಗೇ ಸುರು ಆಗ್ತದೆ ಅಂತ ನನಗೂ ಗೊತ್ತುಂಟು" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಎರಡು ದಿನ ಕಳೆದು ನನ್ನ ಹೆಡ್‌ಫೋನಿನ ವೈರು ತುಂಡಾಯಿತು. ಸೆಖೆಗೆ ಬಾಗಿಲು ತೆರೆದಿಟ್ಟು, ಸ್ಪೀಕರ್ ಹಾಕಿಕೊಂಡು ಕೂತು, ಕರೆ ಕಳಿಸಲು ಮೈಕಿನ ಗುಂಡಿ ಒತ್ತಿದೆ. ಎದುರು ಮನೆಯಲ್ಲಿ ಹಕ್ಕಿ ಚಿಲಿಪಿಲಿಗುಟ್ಟಿತು. ಲೀಲಕ್ಕ ಇತ್ತೀಚೆಗಷ್ಟೇ ಹಾಕಿಸಿದ ಬೆಲ್ ಅದು, ಹಕ್ಕಿಯ ದನಿಯದು. ಗುಂಡಿ ಬಿಟ್ಟೆ, ನಿಂತಿತು. ವಾಕರಿನ ಟಕ್ ಟಕ್ ಕೇಳಿತು, ಬಾಗಿಲು ತೆರೆಯಿತು, "ಯಾರು?" ಎಂಬ ದನಿ. ಬಾಗಿಲು ಮುಚ್ಚಿತು. ಮತ್ತೆ ಒತ್ತಿದೆ. ಹಕ್ಕಿ, ಟಕ್ ಟಕ್, "ಯಾರು?" ಮೂರನೆಯ ಸಲ ಒತ್ತಬಾರದಿತ್ತು. ಆದರೆ ಮೂವತ್ತು ವರ್ಷ ಪರೀಕ್ಷಾ ವಿಭಾಗದಲ್ಲಿದ್ದವನಿಗೆ ಎರಡು ಸಲದ ಫಲಿತಾಂಶ ಸಾಕಾಗುವುದಿಲ್ಲ. ಒತ್ತಿದೆ. ಈ ಸಲ ಅವರು "ಯಾರು" ಎನ್ನಲಿಲ್ಲ. ಸುಮ್ಮನೆ ಬಾಗಿಲು ತೆರೆದು, ಸ್ವಲ್ಪ ಹೊತ್ತು ನಿಂತು, ಮುಚ್ಚಿಕೊಂಡರು. ನಾನು ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ.

ಕಾರಣ ಸ್ಪಷ್ಟವಿತ್ತು. ನನ್ನ ಕೇಬಲ್ ಅವರ ಬೆಲ್ಲಿನ ವೈರಿಗೆ ತಾಗಿಕೊಂಡೇ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಹೋಗುತ್ತದೆ. ನಾಲ್ಕು ಸುತ್ತಿನ ಆ ಪೈಪು ಏನನ್ನೂ ತಡೆಯುತ್ತಿರಲಿಲ್ಲ. ಆ ಕ್ಷಣವೇ ಎದ್ದು ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಮೊದಲು ಬಾಲನ್ ಮಾಡಿ, ದೋಷ ನಿವಾರಿಸಿ, ಆಮೇಲೆ ಹೇಳಿದರೆ ಮರ್ಯಾದೆ ಎಂದು ಸಮಾಧಾನ ಮಾಡಿಕೊಂಡೆ. ಒಂಬತ್ತು ದಿನ ಹಿಡಿಯಿತು. ಅಷ್ಟು ಚೆಂದದ ಬಾಲನ್ನನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ. ಎರಡು ಉಂಗುರ ಜೋಡಿಸಿ ಹನ್ನೊಂದು ಸುತ್ತು, ಒಂದರ ಮೇಲೊಂದು ಏರದಂತೆ. ಆ ಒಂಬತ್ತು ದಿನ ರೇಡಿಯೊ ಮುಟ್ಟಲಿಲ್ಲ, ಬೆಲ್ಲೂ ಹೊಡೆಯಲಿಲ್ಲ. ನನ್ನ ಪಾಲಿಗೆ ಅದು ಪಥ್ಯ. ಲೀಲಕ್ಕನ ಪಾಲಿಗೆ ಏನಾಗಿತ್ತೆಂದು ಹತ್ತನೆಯ ದಿನ ತಿಳಿಯಿತು: ಈಗ ಕಿವಿಯೂ ಹೋಯಿತು, ನಿಜವಾದ ಬೆಲ್ಲೂ ಕೇಳಿಸುತ್ತಿಲ್ಲವೇನೋ ಎಂದು ಹೆದರಿ ಅವರು ಬೊರಿವಲಿಗೆ ಹೂಂ ಅಂದುಬಿಟ್ಟಿದ್ದರು.

ಭಾನುವಾರ ಸತೀಶ ಸಾಮಾನಿನ ಪಟ್ಟಿ ಮಾಡುತ್ತ ಕೂತಿದ್ದಾಗ ನಾನು ಹೋಗಿ ತಪ್ಪೊಪ್ಪಿಕೊಂಡೆ. ಬರೆದುಕೊಂಡು ಹೋಗಿದ್ದ ಮಾತೆಲ್ಲ ಮರೆತು, ಬೆಲ್ ಹೊಡೆದವನು ನಾನೇ ಎಂದಷ್ಟೇ ಹೇಳಿದೆ. ಅವನು ನಂಬಲಿಲ್ಲ. ಒಳ್ಳೆಯ ನೆರೆಯವರು, ಅತ್ತೆಯ ಮನಸ್ಸು ನೋಯದಿರಲೆಂದು ಹೇಳುತ್ತಿದ್ದಾರೆ ಎಂದುಕೊಂಡನಂತೆ. ಕೊನೆಗೆ ಹೊಸ ಬಾಲನ್ನನ್ನು ತೆಗೆದು, ಹಳೆಯ ಪೈಪನ್ನೇ ಸಿಕ್ಕಿಸಿ, ನನ್ನ ಮನೆಯಲ್ಲಿ ಗುಂಡಿ ಒತ್ತಿದೆ. ಎದುರಿನಿಂದ ಹಕ್ಕಿ ಕೂಗಿದ್ದು ಕೇಳಿತು. ವಾಪಸು ಹೋದಾಗ ಸತೀಶ ಬೆಲ್ಲಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದ. ಲೀಲಕ್ಕ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಹಾಗಾದ್ರೆ ನನ್ನ ತಲೆ ಸರಿ ಉಂಟು" ಎಂದರು. ನನಗಲ್ಲ, ತಮಗೇ ಹೇಳಿಕೊಂಡರು. ಸತೀಶ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಬೊರಿವಲಿಯ ಮಾತು ಅಲ್ಲಿಗೆ ಮುಗಿಯಿತು. ಆ ಸಂಜೆಯೇ ಹೊಸ ಬಾಲನ್ ಮತ್ತೆ ತಾರಸಿಗೇರಿತು. ನಾನು ಗುಂಡಿ ಒತ್ತಿದರೂ ಹಕ್ಕಿ ಕೂಗಲಿಲ್ಲ.

ಒಂದು ವಾರ ಕಳೆದು ಮೆಟ್ಟಿಲ ಬಳಿ ಸಿಕ್ಕ ಲೀಲಕ್ಕ, ಅಷ್ಟು ದಿನ ಗುಂಡಿ ಒತ್ತಿ ಯಾರನ್ನು ಕರೆಯುತ್ತಿದ್ದಿರಿ ಎಂದು ಕೇಳಿದರು. ಇಂಥವರನ್ನೇ ಎಂದಿಲ್ಲ, ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಉತ್ತರ ಕೊಡಿ ಎಂದು ಕರೆಯುವುದು ರೂಢಿ, ಎಷ್ಟೋ ಸಂಜೆ ಯಾರೂ ಓಗೊಡುವುದಿಲ್ಲ ಎಂದೆ.

"ನಾನು ದಿನಾ ಬಾಗಿಲು ತೆಗೀತಿದ್ದೆನಲ್ಲ ಮಾರಾಯ್ರೆ" ಎಂದರು.

ಮರುದಿನ ನಾಲ್ಕಕ್ಕೆ ಹೋಗಿ ಬೆರಳಿನಿಂದಲೇ ಬೆಲ್ ಒತ್ತಿದೆ. ಅವರು ಚಹಾ ಮಾಡಿದರು, ಎದುರಿಗೆ ಕೂತರು. ರೇಡಿಯೊದಲ್ಲಿ ನಮ್ಮ ಮಾತಿಗೆ ಒಂದು ಕ್ರಮವಿದೆ: ಹೆಸರು, ಊರು, ನಿಮ್ಮ ದನಿ ಎಷ್ಟು ಸ್ಪಷ್ಟವಾಗಿದೆ, ಹವೆ ಹೇಗಿದೆ, ವಂದನೆ. ನೂರು ದೇಶದವರೊಡನೆ ನಾನು ಆಡಿದ್ದು ಇಷ್ಟೇ. ಹೆಸರು ಅವರಿಗೆ ಗೊತ್ತಿತ್ತು. ಊರು ಧಾರವಾಡ ಎಂದೆ. ಸೆಖೆ ಜಾಸ್ತಿ ಎಂದೆ. ಚಹಾ ಇನ್ನೂ ಅರ್ಧ ಲೋಟ ಉಳಿದಿತ್ತು. ಲೀಲಕ್ಕ ಕಾದರು.

"ಮುಗೀತಾ?" ಎಂದರು. ಮುಗಿಯಿತು ಎಂದೆ.

"ಇಷ್ಟಕ್ಕೆ ಅಷ್ಟುದ್ದ ತಂತಿ ಬೇಕಾ?"

ಈಗ ದಿನವೂ ಹೋಗುತ್ತೇನೆ. ಹೋಗುವ ಮುಂಚೆ, ಮಾತಾಡಬಹುದಾದ ಮೂರು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ನಿನ್ನೆ ಚೀಟಿ ಮರೆತಿದ್ದೆ. ಬಾಗಿಲು ತೆರೆದು ನಿಂತ ಲೀಲಕ್ಕನಿಗೆ ಒಂದು ನಿಮಿಷ ಎಂದು ಹೇಳಿ, ಅದನ್ನು ತರಲು ಮನೆಗೆ ಓಡಿ ಬಂದೆ.