ಚಿಕ್ಕಬೈರಪ್ಪನವರ ಗರ್ಭಕೋಶ

ತಿಲಕ್ ನಗರದ ಖಾಸಗಿ ಆಸ್ಪತ್ರೆಯೊಂದರ ದಾಖಲೆಯ ಪ್ರಕಾರ ಅರೆಕೆರೆಯ ಬೈರಮ್ಮ, ವಯಸ್ಸು ನಲವತ್ತಾರು, ಬರುವ ಮಾರ್ಚ್ ಮೂವತ್ತೊಂದರವರೆಗೆ ಆರೋಗ್ಯವಂತರಾಗಿರುತ್ತಾರೆ.

ಅವರ ಗಂಡ ಚಿಕ್ಕಬೈರಪ್ಪನವರಿಗೆ ಸಕ್ಕರೆ ಕಾಯಿಲೆ, ಪಾದ ಮರಗಟ್ಟುತ್ತಿತ್ತು. ಆಸ್ಪತ್ರೆಯಲ್ಲಿ ಅದೇ ವಿಷಯದ ಮೇಲೆ, ಆ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುವ ಮೂರು ವರ್ಷದ ಸಂಶೋಧನೆ ಶುರುವಾಗಿತ್ತು. ನೂರು ರೋಗಿಗಳು ಬೇಗನೆ ಸಿಕ್ಕಿದರು. ಅವರ ಜೊತೆ ಹೋಲಿಸಿ ನೋಡಲು ಕಾಯಿಲೆ ಇಲ್ಲದ ನೂರು ಜನ ಬೇಕಿತ್ತು. ಕಾಯಿಲೆ ಇಲ್ಲದವರು ಆಸ್ಪತ್ರೆಗೆ ಬರುವುದಿಲ್ಲವಾದ್ದರಿಂದ, ರೋಗಿಗಳ ಜೊತೆ ಊಟದ ಡಬ್ಬಿ ಹಿಡಿದು ಬಂದ ಹೆಂಡತಿಯರನ್ನೇ ಆರೋಗ್ಯವಂತರೆಂದು ಬರೆದುಕೊಳ್ಳಲಾಯಿತು. ಆರೋಗ್ಯ ಪರೀಕ್ಷೆಗೆ ಒಂದೇ ಪ್ರಶ್ನೆ ಇತ್ತು: ಮನೆಯಲ್ಲಿ ಅಡುಗೆ ನೀವೇ ಮಾಡುತ್ತೀರಾ? ಹೌದು ಎಂದವರು ಅರ್ಹರು.

ಎರಡನೆಯ ವರ್ಷ ಬೈರಮ್ಮನಿಗೆ ಮುಟ್ಟು ನಿಲ್ಲದೆ ಹೋಗತೊಡಗಿತು. ಮುಖ ಬಿಳಿಚಿತು, ನಾಲ್ಕು ಮೆಟ್ಟಿಲಿಗೆ ಏದುಸಿರು. ಸಂಶೋಧನೆಯ ಫೈಲು ನೋಡಿಕೊಳ್ಳುವ ಹೇಮಶ್ರೀಯ ಮೇಜಿನ ಮುಂದೆ ಹೋಗಿ ನಿಂತರು.

"ನಿಮಗೆ ಇಲ್ಲಿ ಟ್ರೀಟ್‌ಮೆಂಟ್ ಬರಲ್ಲ ಆಂಟಿ. ನೀವು ಆರೋಗ್ಯವಂತರು."

"ಇಪ್ಪತ್ತು ದಿನದಿಂದ ರಕ್ತ ಹೋಗ್ತಿದೆ ಕಣಮ್ಮ."

"ಇರಬಹುದು. ನಿಮ್ಮ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ."

"ಬೇರೆ ಕಡೆ ತೋರಿಸ್ಕೋತೀನಿ ಬಿಡು."

"ತೋರಿಸ್ಕೊಂಡ್ರೆ ನೀವು ಸ್ಟಡಿಯಿಂದ ಔಟ್. ನೀವು ಔಟಾದ್ರೆ ನಿಮ್ಮ ಜೋಡಿ ರೋಗೀನೂ ಔಟ್. ಅಂಕಲ್‌ಗೆ ಇಲ್ಲಿಂದ ಬರ್ತಿರೋ ಫ್ರೀ ಇನ್ಸುಲಿನ್ ನಿಂತೋಗುತ್ತೆ. ಯೋಚನೆ ಮಾಡಿ."

ಸಂಶೋಧನೆಯ ಮುಖ್ಯಸ್ಥ ಡಾಕ್ಟರ್ ಶಶಿಕಾಂತ್ ಮರುಕವುಳ್ಳವರು. ನಿಯಮಾವಳಿಯನ್ನು ಎರಡು ಸಲ ಓದಿ, ದಂಪತಿಯನ್ನು ಒಳಗೆ ಕರೆಸಿದರು.

"ಆರೋಗ್ಯವಂತರನ್ನ ಮುಟ್ಟಬಾರದು ಅಂತಿದೆ. ರೋಗಿಗೆ ಹೊಸ ತೊಂದರೆ ಬಂದ್ರೆ ನೋಡಲೇಬೇಕು ಅಂತಾನೂ ಇದೆ. ಹಾಗಾಗಿ ಈ ತೊಂದರೆ ಯಜಮಾನರಿಗೆ ಬರ್ಲಿ."

ಚಿಕ್ಕಬೈರಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಬರ್ಕೊಳ್ಳಿ ಸಾರ್. ನಮ್ಮನೇಲಿ ಎಲ್ಲಾ ನನ್ನ ಹೆಸರಲ್ಲೇ ಇರೋದು."

ಬೈರಮ್ಮನಿಗೆ ಸ್ಕ್ಯಾನ್ ಆಯಿತು. ವರದಿ ಹೀಗಿತ್ತು: ಚಿಕ್ಕಬೈರಪ್ಪ, ಪುರುಷ, ಐವತ್ತನಾಲ್ಕು, ಗರ್ಭಕೋಶದಲ್ಲಿ ಎಂಟು ಸೆಂಟಿಮೀಟರಿನ ಗೆಡ್ಡೆ. ಕಂಪ್ಯೂಟರು ಮಾತ್ರ ಇದನ್ನು ಒಪ್ಪಲಿಲ್ಲ. ಆಸ್ಪತ್ರೆಯ ನೀತಿ ಸಮಿತಿ ಸಭೆ ಸೇರಿ, ಲಿಂಗದ ಕಾರಣಕ್ಕೆ ರೋಗಿಯೊಬ್ಬರಿಗೆ ಗರ್ಭಕೋಶವನ್ನು ನಿರಾಕರಿಸುವುದು ತಾರತಮ್ಯವಾಗುತ್ತದೆಂದು ಸರ್ವಾನುಮತದಿಂದ ನಿರ್ಣಯಿಸಿತು. ಕಂಪ್ಯೂಟರನ್ನು ತಿದ್ದಲಾಯಿತು.

ಗಂಡನ ಹೆಸರಿನ ಪಟ್ಟಿಯನ್ನು ಕೈಗೆ ಕಟ್ಟಿ ಬೈರಮ್ಮನನ್ನು ಆಪರೇಷನ್ನಿಗೆ ಒಯ್ದರು. ಗರ್ಭಕೋಶ ತೆಗೆಯುತ್ತಿದ್ದ ಎರಡು ಗಂಟೆಯೂ ರೋಗಿಯು ಕ್ಯಾಂಟೀನಿನಲ್ಲಿ ಕೂತು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಿದ್ದರು.

"ಚಿಕ್ಕಬೈರಪ್ಪೋರೇ, ಕಣ್ಣು ಬಿಡಿ," ಎಂದರು ನರ್ಸ್. ಬೈರಮ್ಮ ಕಣ್ಣು ಬಿಟ್ಟರು.

ಡಾಕ್ಟರ್ ಶಶಿಕಾಂತ್ ಈ ಬಗ್ಗೆ ಬರೆದ ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾಗಿದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಗಂಡಸರಲ್ಲಿ ಗರ್ಭಕೋಶ ಬೆಳೆಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಹೆಚ್ಚಿನ ಸಂಶೋಧನೆ ಅಗತ್ಯ ಎಂಬುದು ಅದರ ಸಾರಾಂಶ. ಅವರು ಈಗ ಪ್ರೊಫೆಸರ್.

ಮನೆಗೆ ಕಳಿಸುವ ದಿನ ಹೇಮಶ್ರೀ ಸೂಚನೆಗಳನ್ನು ಓದಿ ಹೇಳಿದಳು. "ರೋಗಿ ಆರು ವಾರ ಭಾರ ಎತ್ತಬಾರದು. ಬಗ್ಗಬಾರದು. ಮೆಟ್ಟಿಲು ಹತ್ತಬಾರದು. ಹೊತ್ತಿಗೆ ಸರಿಯಾಗಿ ಬಿಸಿ ಊಟ ಕೊಡೋದಕ್ಕೆ ಆರೋಗ್ಯವಂತರೊಬ್ಬರು ಪಕ್ಕದಲ್ಲೇ ಇರಬೇಕು."

"ಎಲ್ಲಾ ಕೇಳಿಸ್ಕೊಂಡ್ಯಾ?" ಎಂದು ಚಿಕ್ಕಬೈರಪ್ಪ ಹೆಂಡತಿಯ ಕಡೆ ತಿರುಗಿದರು. ಆಮೇಲೆ ಹೊಟ್ಟೆಗೆ ಕೈ ಕೊಟ್ಟು, ಕುರ್ಚಿಯಿಂದ ಮೆಲ್ಲಗೆ ಎದ್ದರು. ಬ್ಯಾಗುಗಳನ್ನು ಬೈರಮ್ಮ ತೆಗೆದುಕೊಂಡರು.

ಮರುದಿನ ಕೆಳಗಿನ ಬಾಡಿಗೆ ಮನೆಯ ಪಾರ್ವತಮ್ಮ ಮೂಸಂಬಿ ಹಿಡಿದು ನೋಡಲು ಬಂದರು.

"ಹೇಗಿದೀರಾ ಅಣ್ಣ?"

"ಹೊಲಿಗೆ ಎಳೀತಿದೆ ಕಣಮ್ಮ," ಎಂದರು ಚಿಕ್ಕಬೈರಪ್ಪ, ದಿಂಬಿಗೆ ಒರಗಿಕೊಂಡೇ.

"ದೊಡ್ಡ ಆಪರೇಷನ್ ಅಲ್ವಾ. ನಮ್ಮ ಅಕ್ಕ ಗಟ್ಟಿ, ಹೇಗೋ ನಿಭಾಯಿಸ್ತಾರೆ."

ಆ ಹೊತ್ತಿಗೆ ಬೈರಮ್ಮ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮೊದಲ ಮಹಡಿಗೆ ಹೊತ್ತು ತಂದು, ಬಾಗಿಲಲ್ಲಿ ಇಳಿಸುತ್ತಿದ್ದರು.

"ಮೆಲ್ಲಗೆ ಇಡೇ," ಎಂದರು ಚಿಕ್ಕಬೈರಪ್ಪ. "ಆ ಸದ್ದಿಗೆ ನನಗೆ ಹೊಟ್ಟೆ ಜುಂ ಅನ್ನುತ್ತೆ."

ಬೈರಮ್ಮ ಕ್ಯಾನನ್ನು ಮೆಲ್ಲಗೆ ಇಟ್ಟರು.