ಹನ್ನೆರಡು ತೋಳಿನ ಅಣು

ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನೊಳಗಿನ ಫ್ಯಾನು ಒಂದು ಸಲ ಕೆಮ್ಮಿ ನಿಂತುಹೋಯಿತು.

ನಕ್ಷತ್ರದ ಮೇಷ್ಟ್ರು ಕುರ್ಚಿಯಿಂದ ಜಿಗಿದೆದ್ದರು. ಪಾಲಿಮರ್ ಎಂದರೆ ಮಣಿಸರದಂಥ ಉದ್ದನೆಯ ಅಣು. ಅಂಥ ಹನ್ನೆರಡು ಸರಗಳ ತುದಿಯನ್ನು ಒಂದೆಡೆ ಕಟ್ಟಿದರೆ ಹನ್ನೆರಡು ತೋಳಿನ, ನಕ್ಷತ್ರದಾಕಾರದ ಅಣು. ಅದು ದ್ರಾವಣದಲ್ಲಿ ಹೇಗೆ ಹೊರಳಾಡುತ್ತದೆಂದು ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದೇ ಅವರ ಕಸುಬು. ಅಡ್ಡಹೆಸರು ಬಂದದ್ದೂ ಹಾಗೆಯೇ. ಈ ಆಟ ಶುರುವಾಗಿ ಇಪ್ಪತ್ತೊಂದು ದಿನವಾಗಿತ್ತು. ಅಂದೇ ಸಂಜೆ ನಾಲ್ಕಕ್ಕೆ ಮುಗಿದು, ಐದಕ್ಕೆ ವಿಭಾಗದ ಮುಖ್ಯಸ್ಥೆಗೆ ಗ್ರಾಫ್ ತೋರಿಸದಿದ್ದರೆ ಕಂಪ್ಯೂಟರು ಪಕ್ಕದ ಕೋಣೆಯಲ್ಲಿ ಸೋಪಿನ ನೊರೆ ಸಂಶೋಧಿಸುವವರ ಪಾಲಾಗುತ್ತಿತ್ತು.

"ಒಂದ್ಸಲ ಆರಿಸಿ ಹಾಕಿ, ಸರಿಹೋಗತ್ತೆ," ಎಂದು ಗುಮಾಸ್ತರು ಸ್ವಿಚ್ಚಿಗೆ ಕೈ ಚಾಚಿದರು.

"ಅಯ್ಯಯ್ಯೋ, ಮುಟ್ಟಬೇಡಿ! ಆರಿದ್ರೆ ಇಪ್ಪತ್ತೊಂದು ದಿನವೂ ಗೋತಾ!"

ಮೇಷ್ಟ್ರು ಲೈಬ್ರರಿಗೆ ಓಡಿ ಟೇಬಲ್ ಫ್ಯಾನು ಕೇಳಿದರು. "ಫ್ಯಾನು ಬಂದ್ರೆ ನಾನೂ ಬರ್ತೀನಿ, ಇಲ್ಲಿ ಬೇಯೋಕಾಗಲ್ಲ," ಎಂದು ಲೈಬ್ರರಿಯಮ್ಮ ಫ್ಯಾನಿನ ಹಿಂದೆಯೇ ಬಂದು ಅದರೆದುರು ಕುರ್ಚಿ ಹಾಕಿ ಕೂತರು. ಕಂಪ್ಯೂಟರಿಗಿಂತ ಅವರಿಗೇ ಹೆಚ್ಚು ಗಾಳಿ ಬೀಸಿತು. ಉಳಿದ ಗಾಳಿಗೆ ಗುಮಾಸ್ತರ ರಜಾ ಅರ್ಜಿಗಳೆಲ್ಲ ಕಿಟಕಿಯಾಚೆ ಹಾರಿದವು. ಗುಮಾಸ್ತರು ಬೀದಿಗೆ ಓಡಿದರು.

ಅಷ್ಟರಲ್ಲಿ ನೊರೆಯವರು ಐಸಿನ ಪೊಟ್ಟಣಗಳೊಂದಿಗೆ ಬಂದು, ಆಸ್ತಿವಂತ ಮಾವನ ಜ್ವರ ನೋಡಿಕೊಳ್ಳುವ ಅಳಿಯನಂತೆ ಕಂಪ್ಯೂಟರಿನ ಮೈಗೆ ಒತ್ತತೊಡಗಿದರು.

"ನಿಮಗ್ಯಾಕ್ರೀ ಇಷ್ಟು ಕಳಕಳಿ?"

"ನಾಳೆ ನನ್ನ ಮೇಜಿಗೆ ಬರೋ ಮಷಿನ್ನು ಸ್ವಾಮಿ, ಸುಟ್ಟುಹೋಗಬಾರ್ದಲ್ಲ!"

ಮಧ್ಯಾಹ್ನ ಹೆಂಡತಿಯ ಫೋನು. "ಊಟ ಆಯ್ತಾ?"

"ತೊಂಬತ್ತೊಂಬತ್ತು ಪರ್ಸೆಂಟ್ ಕಣೇ."

"ಮಿಕ್ಕ ಒಂದನ್ನೂ ಬಿಸಾಡ್ಬೇಡಿ," ಎಂದು ಅವಳು ಇಟ್ಟುಬಿಟ್ಟಳು.

ನಾಲ್ಕಕ್ಕೆ ಲೆಕ್ಕ ಮುಗಿಯಿತು. ಗ್ರಾಫಿನ ಒಂದು ಚುಕ್ಕಿಯೂ ಸಾಲು ತಪ್ಪಿರಲಿಲ್ಲ. ನೊರೆಯವರೂ ಮನಸ್ಸಿಲ್ಲದ ಮನಸ್ಸಿನಿಂದ ಕೈ ಕುಲುಕಿದರು.

ಐದಕ್ಕೆ ಮುಖ್ಯಸ್ಥೆ ಬಂದು ಗ್ರಾಫನ್ನು ಬಹಳ ಹೊತ್ತು ನೋಡಿದರು. "ಸಿದ್ಧಾಂತಕ್ಕೆ ಇಷ್ಟು ಚೆನ್ನಾಗಿ ಹೊಂದಿದ್ದನ್ನ ನಾನು ನೋಡೇ ಇಲ್ಲ."

ಮೇಷ್ಟ್ರು ಹಿರಿಹಿರಿ ಹಿಗ್ಗಿದರು.

"ಆದ್ರೆ ಇದು ಒಂಟಿ ಸರದ ಸಿದ್ಧಾಂತ ಮೇಷ್ಟ್ರೇ. ಎಷ್ಟು ತೋಳು ಕೊಟ್ಟಿದ್ರಿ?"

"ಹನ್ನೆರಡು ಮೇಡಂ." ಫೈಲು ತೆರೆದರೆ, ಅಲ್ಲಿ ಬರೀ 2 ಇತ್ತು. 1 ಒತ್ತಿದ್ದು ಬಿದ್ದೇ ಇರಲಿಲ್ಲ.

"ಎರಡೇ ತೋಳಿನ ನಕ್ಷತ್ರ ಅಂದ್ರೆ ದಾರ ಅಲ್ವೇನ್ರೀ!" ಮುಖ್ಯಸ್ಥೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಪ್ರೋಗ್ರಾಂ ಸರಿ ಇದೆ ಅನ್ನೋದಾದ್ರೂ ಗೊತ್ತಾಯ್ತು. ಕಂಪ್ಯೂಟರ್ ಇಟ್ಕೊಳ್ಳಿ, ಮೊದಲಿಂದ ಮಾಡಿ."

ನೊರೆಯವರು ಬೆರಳೆಣಿಸಿದರು. "ಎರಡಕ್ಕೆ ಇಪ್ಪತ್ತೊಂದು ದಿನ ಅಂದ್ರೆ, ಹನ್ನೆರಡಕ್ಕೆ... ನೂರ ಇಪ್ಪತ್ತಾರು!" ಎನ್ನುತ್ತಾ ಅಲ್ಲೇ ಕುಸಿದು ಕೂತರು.

ಮೇಷ್ಟ್ರಿಗೆ ಮಾತ್ರ ಯಾಕೋ ಹಾಯೆನಿಸಿತು. ಹೊಸ ಫ್ಯಾನು ಹಾಕಿಸಿ, ಗುಮಾಸ್ತರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, 1 ಒತ್ತಿದರು.

"ಬಿತ್ತಾ?"

"ಬಿತ್ತು ಮೇಷ್ಟ್ರೇ."

ಆಮೇಲೆ 2 ಒತ್ತಿದರು.