ಚಾಕು ಕಂಡರೆ ಬಿಚ್ಚುವ ಕಾಕಾ

ನಮ್ಮ ಕಾಕಾನ ಕೈಗೆ ಚಾಕು ಕೊಡಬಾರದು ಎಂಬುದು ಬಳಗದವರೆಲ್ಲ ಸೇರಿ ಒಪ್ಪಿಕೊಂಡ ನಿಯಮ. ತಪ್ಪು ತಿಳಿಯಬೇಡಿ. ಅವನು ಇಂದಿನವರೆಗೆ ಯಾರಿಗೂ ಗೀರಿಲ್ಲ, ಯಾರನ್ನೂ ಹೆದರಿಸಿಲ್ಲ. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದ ಸಾಧು ಮನುಷ್ಯ. ಅಪಾಯ ನಮಗಲ್ಲ, ಚಾಕುವಿಗೆ. ಮಡಚುವ ಚಾಕು ಕೈಗೆ ಸಿಕ್ಕರೆ ಕಾಕಾ ಅದನ್ನು ಬಿಚ್ಚುತ್ತಾನೆ.

ಬಿಚ್ಚುವ ಮೊದಲು ಪರೀಕ್ಷೆ ನಡೆಯುತ್ತದೆ. ಅಲಗನ್ನು ಪೂರ್ತಿ ತೆರೆದು, ಬೆನ್ನಿನ ಕಡೆಯಿಂದ ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾನೆ. ಕಿವಿಯ ಹತ್ತಿರ ತಂದು 'ಟಿಕ್' ಎಂಬ ಸದ್ದಿಗೆ ಕಾಯುತ್ತಾನೆ. ಆಮೇಲೆ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಲಗು ಹಿಡಿಕೆಯ ನಟ್ಟನಡುವೆ ಕೂತಿದೆಯೋ ಒಂದು ಪಕ್ಕಕ್ಕೆ ವಾಲಿದೆಯೋ ನೋಡುತ್ತಾನೆ. ಈ ಎರಡು ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದ ಚಾಕುವನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿದ ಕಣ್ಣು ಅದು. ವಾಲಿದ್ದನ್ನು ವಾಲಿದಂತೆಯೇ ಬಿಡು ಎಂದರೆ ಕೇಳುತ್ತದೆಯೇ?

ಕಾಕಾನ ಪ್ರಕಾರ ಚಾಕುವಿಗೆ ಬರುವ ರೋಗ ಎರಡೇ. ಒಂದು ಅಲ್ಲಾಟ, ಇನ್ನೊಂದು ವಾಲಾಟ. ತೊಂದರೆಯೆಂದರೆ ಔಷಧದ್ದು. ಅಲಗಿನ ಬುಡದ ಸ್ಕ್ರೂ ಬಿಗಿ ಮಾಡಿದರೆ ಅಲ್ಲಾಟ ನಿಲ್ಲುತ್ತದೆ, ಆದರೆ ಚಾಕು ತೆರೆಯುವುದೇ ಇಲ್ಲ. ಸಡಿಲಿಸಿದರೆ ಸರಾಗವಾಗಿ ತೆರೆಯುತ್ತದೆ, ಆದರೆ ಮುದುಕರ ಹಲ್ಲಿನಂತೆ ಅಲ್ಲಾಡುತ್ತದೆ. ಆಗ ಪೂರ್ತಿ ಬಿಚ್ಚಿ, ಅಲಗಿನ ಅಕ್ಕಪಕ್ಕದಲ್ಲಿರುವ ತೆಳ್ಳನೆಯ ಹಿತ್ತಾಳೆ ವಾಷರುಗಳನ್ನು ಅದಲುಬದಲು ಮಾಡಿ, ಮಡಚಿದ ಅಲಗು ವಾಲಿದ ಪಕ್ಕಕ್ಕೆ ಲಗ್ನಪತ್ರಿಕೆಯ ತುಂಡೊಂದನ್ನು ಸಿಕ್ಕಿಸಿ, ಮತ್ತೆ ಸ್ಕ್ರೂಗಳನ್ನು ಬಿಗಿಯಬೇಕು. ಬೇರೆ ಕಾಗದ ನಡೆಯುವುದಿಲ್ಲ, ಲಗ್ನಪತ್ರಿಕೆಯ ದಪ್ಪವೇ ಬೇಕು. ಆದ್ದರಿಂದ ಕಾಕಾ ಯಾರ ಲಗ್ನಪತ್ರಿಕೆಯನ್ನೂ ಎಸೆಯುವುದಿಲ್ಲ. ಲಗ್ನಕ್ಕೆ ಹೋಗುವುದನ್ನು ಮಾತ್ರ ಮರೆಯುತ್ತಾನೆ.

"ನಿಮ್ಮ ಕಾಕಾಗ ಚಾಕೂದಾಗಿನ ಕೂದಲೆಳಿಯಷ್ಟು ಸಂದು ಕಾಣತೈತಿ," ಎನ್ನುತ್ತಾಳೆ ಕಾಕಿ. "ಅಡಿಗಿಮನಿ ಬಾಗಿಲಾ ಮೂರು ವರ್ಷಾತು ನೆಲಾ ಉಜ್ಜಾಕತ್ತೈತಿ. ಅದು ಕಾಣವಲ್ದು."

"ಬಾಗಿಲಾ ಮಡಚೂದಿಲ್ಲಲ್ಲ," ಎಂಬುದು ಕಾಕಾನ ಉತ್ತರ.

ಕಾರಟಗಿಯಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ ನಡೆದಾಗಿನ ಮಾತು. ಹುಡುಗಿಯ ಅಪ್ಪ ನಿಂಬೆಹಣ್ಣು ಹೆಚ್ಚಲೆಂದು ಕಿಸೆಯಿಂದ ಚಾಕು ತೆಗೆದು, ಪಕ್ಕದಲ್ಲಿ ಕೂತಿದ್ದ ಕಾಕಾನ ಕೈಗೇ ಕೊಟ್ಟರು. ಪಾಪ, ಅವರಿಗೆ ನಿಯಮ ಗೊತ್ತಿರಲಿಲ್ಲ. ನಾನು ದೂರದಿಂದ ಕೈಸನ್ನೆ ಮಾಡುವಷ್ಟರಲ್ಲಿ ಚಾಕು ಕಾಕಾನ ಕಿವಿಯ ಹತ್ತಿರ ಹೋಗಿತ್ತು.

"ಬೀಗರ, ಇದು ಅಲ್ಲಾಡತೈತ್ರಿ."

"ಹತ್ತು ವರ್ಷಾತು, ಹಂಗ ಐತ್ರಿ ಅದು."

"ಹತ್ತು ವರ್ಷ ಹೆಂಗ ಸುಮ್ಮನ ಕುಂತ್ರಿ?" ಎಂದು ಕಾಕಾ ನಿಜವಾಗಿಯೂ ನೊಂದು ಕೇಳಿದ. "ಎರಡ ನಿಮಿಷ ಕೊಡ್ರಿ."

ಕನ್ನಡಕದ ಡಬ್ಬಿಯಿಂದ ಸಣ್ಣ ಸ್ಕ್ರೂಡ್ರೈವರ್ ಹೊರಬಂತು. ಚಾಕು ಏಳು ತುಂಡಾಗಿ, ಎಲೆಯಡಿಕೆಗೂ ಸಕ್ಕರೆಗೂ ನಡುವೆ ತಾಟಿನಲ್ಲಿ ಸಾಲಾಗಿ ಮಲಗಿತು. ಅಷ್ಟರಲ್ಲಿ ಶಾಸ್ತ್ರ ಮಾಡಿಸುತ್ತಿದ್ದ ಸ್ವಾಮಿಗಳು ಸಕ್ಕರೆ ಹಂಚಿ ಎಂದರು, ಯಾರೋ ತಾಟು ಎತ್ತಿದರು. ಮತ್ತೆ ಎಣಿಸಿದಾಗ ತುಂಡುಗಳು ಆರೇ ಇದ್ದವು.

ಹುಡುಗ ಹುಡುಗಿಯನ್ನು ಬಿಟ್ಟು ಎಲ್ಲರೂ ಜಮಖಾನೆ ಎತ್ತಿ ಹುಡುಕಿದೆವು. ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜ ಮಾತ್ರ ಸಮಾಧಾನವಾಗಿ ಬಾಯಿ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಈ ಸಕ್ಕರಿ ಕರಗವಲ್ದಲ್ಲಪಾ," ಎಂದರು.

ಕಾಕಾ ಎದ್ದು ಹೋಗಿ ಅವರ ಗದ್ದದ ಕೆಳಗೆ ಅಂಗೈ ಒಡ್ಡಿದ.

"ಯಜಮಾನ್ರ, ನುಂಗಬ್ಯಾಡ್ರಿ. ಅದು ಎಡಗಡಿ ವಾಷರ್ರು."

ಸಂಬಂಧವೇನೂ ಮುರಿಯಲಿಲ್ಲ. ಆ ಚಾಕು ಅಂದಿನಿಂದ ಒಂದು ಸಲವೂ ಅಲ್ಲಾಡಿಲ್ಲ ಎಂದು ಬೀಗರು ಸಿಕ್ಕಾಗಲೆಲ್ಲ ಹೇಳುತ್ತಾರೆ. ತೆರೆದೂ ಇಲ್ಲ ಎಂದು ಅವರ ಹೆಂಡತಿ ಸೇರಿಸುತ್ತಾರೆ.

ಹೋದ ವರ್ಷ ಕೊಪ್ಪಳದಲ್ಲಿ ನಮ್ಮ ಅಪ್ಪನಿಗೆ ಲಕ್ವಾ ಹೊಡೆಯಿತು. ಅಪ್ಪನೆಂದರೆ ಕಾಕಾನ ಒಬ್ಬನೇ ಅಣ್ಣ. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಸರಿಹೋಯಿತು, ಕಾಲೂ ಮೆಲ್ಲಗೆ ದಾರಿಗೆ ಬಂತು. ಎಡಗೈ ಮಾತ್ರ ಪೂರ್ತಿ ಬರಲಿಲ್ಲ. ಹಣ್ಣಿನ ಮೇಲೆ ಇಟ್ಟರೆ ಒತ್ತಿ ಹಿಡಿಯುತ್ತದೆ, ಬೆರಳುಗಳಲ್ಲಿ ಎಳೆಯುವ ಶಕ್ತಿ ಇಲ್ಲ.

ಅಪ್ಪನಿಗೆ ಮಧ್ಯಾಹ್ನ ಊಟವಾದ ಮೇಲೆ ಒಂದು ಪೇರಲ ಹಣ್ಣು ಬೇಕು. ಅದನ್ನು ತನ್ನದೇ ಮಡಚುವ ಚಾಕುವಿನಲ್ಲಿ ತಾನೇ ಹೆಚ್ಚಬೇಕು. ಆ ಚಾಕುವನ್ನು ಎಷ್ಟೋ ವರ್ಷದ ಹಿಂದೆ ಕಾಕಾ ಸರಿಮಾಡಿ ಕೊಟ್ಟಿದ್ದ. ಅವನ ಕೆಲಸದಲ್ಲೆಲ್ಲ ಅದೇ ಮೇಲು. ಕೂದಲೆಳೆಯಷ್ಟೂ ಅಲ್ಲಾಟವಿಲ್ಲ, ಮಡಚಿದರೆ ಗೆರೆ ಎಳೆದಂತೆ ನಡುವೆ ಕೂರುತ್ತಿತ್ತು. ತುಸು ಬಿಗಿ, ಅಷ್ಟೇ. ಎಡಗೈಯ ಹೆಬ್ಬೆರಳಿನ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ ಅಪ್ಪ ಅದನ್ನು ತೆರೆಯುತ್ತಿದ್ದ. ಈಗ ಉಗುರು ಜಾರತೊಡಗಿತು. ನಾನು ತೆರೆದು ಕೊಟ್ಟೆ. ಅವನು ಬಲಗೈಯಲ್ಲೇ ಅದನ್ನು ಮಡಚಿ ಪಕ್ಕಕ್ಕಿಟ್ಟ.

"ಬ್ಯಾರೆಯವರು ತಗದು ಕೊಡೂದಾದ್ರ ನನಗ ಹಣ್ಣ ಬ್ಯಾಡ," ಎಂದ.

ಅಂದಿನಿಂದ ಪೇರಲ ತಿನ್ನುವುದನ್ನೇ ಬಿಟ್ಟ. ಮಾತೂ ಕಡಿಮೆಯಾಯಿತು.

ನಾನು ಫೋನಿನಲ್ಲಿ ಇದನ್ನು ಹೇಳಿದ ಮರುದಿನವೇ ಕಾಕಾ ಕಾಕಿಯ ಜೊತೆ ಕುಷ್ಟಗಿಯ ಬಸ್ಸಿನಿಂದ ಇಳಿದ. ಅಣ್ಣನಿಗೆ ಸಮಾಧಾನದ ಮಾತೇನೂ ಹೇಳಲಿಲ್ಲ. ಕಿಟಕಿಯ ಹತ್ತಿರ ಕೂತು ಚಾಕು ಬಿಚ್ಚಿದ. ವಾಷರುಗಳನ್ನು ಉಜ್ಜಿದ, ಎಣ್ಣೆ ಹಾಕಿದ, ಕೂಡಿಸಿದ, ಮತ್ತೆ ಬಿಚ್ಚಿದ. ಬಿಗಿಯೂ ಇರಬೇಕು, ಸಲೀಸಾಗಿಯೂ ತೆರೆಯಬೇಕು. ಮೂರು ದಿನ ಹೆಣಗಿದರೂ ಎರಡೂ ಒಟ್ಟಿಗೆ ಕೂಡಿಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ಸ್ಕ್ರೂಡ್ರೈವರನ್ನು ಉಲ್ಟಾ ತಿರುಗಿಸತೊಡಗಿದ. ಸ್ವಲ್ಪ ಸಡಿಲಿಸುವುದು, ತನ್ನ ಎಡಗೈಯ ಕಿರುಬೆರಳಿನ ಉಗುರಿನಿಂದ ತೆರೆದು ನೋಡುವುದು. ಮತ್ತಷ್ಟು ಸಡಿಲಿಸುವುದು, ಮತ್ತೆ ಕಿರುಬೆರಳು. ತೆರೆದ ಅಲಗು ಕೈಮೇಲೆ ಮಡಚಿಕೊಳ್ಳದಂತೆ ತಡೆಯುವ ಪಟ್ಟಿ ಗಟ್ಟಿಯಿದೆಯೇ ಎಂದು ಹತ್ತು ಸಲ ಒತ್ತಿ ನೋಡಿದ.

ಕಾಕಿ ಬಗ್ಗಿ ನೋಡಿದಳು. "ಅಲ್ಲಾಡಾಕತ್ತೈತಲ್ರಿ."

"ಗೊತ್ತೈತಿ."

"ಒಂದು ಕಡಿ ವಾಲೇತಿ."

"ಗೊತ್ತೈತಿ ಅಂದ್ನೆಲ್ಲ."

ಮಡಚಿದ ಚಾಕುವನ್ನೂ ಒಂದು ಪೇರಲ ಹಣ್ಣನ್ನೂ ತಾಟಿನಲ್ಲಿಟ್ಟು ಅಪ್ಪನ ಮುಂದೆ ಸರಿಸಿದ. ಅಪ್ಪ ಚಾಕು ಎತ್ತಿಕೊಂಡ. ಉಗುರು ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ನಾನು ಕೈ ಚಾಚಹೋದೆ. ಕಾಕಾ ನನ್ನ ಮಣಿಕಟ್ಟು ಹಿಡಿದು ಕೂರಿಸಿದ. ಮೂರನೆಯ ಸಲಕ್ಕೆ ಅಲಗು ಹೊರಬಂತು.

ಅಪ್ಪ ಎಡಗೈಯನ್ನು ಹಣ್ಣಿನ ಮೇಲೆ ಊರಿ, ನಿಧಾನವಾಗಿ ಒಂದು ಹೋಳು ಕೊಯ್ದು ಕಾಕಾನ ಮುಂದೆ ಹಿಡಿದ. ನಂತರ ಅಲಗನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿದ.

"ತಮ್ಮಾ, ಯಾಕೋ ಇದು ಅಲ್ಲಾಡಿದಂಗ ಅನಸ್ತೈತಲ್ಲೋ."

ಕಾಕಾ ಹೋಳನ್ನು ಬಾಯಿಗೆ ಹಾಕಿಕೊಂಡ. ಮುಖ ಕಿಟಕಿಯ ಕಡೆಗಿತ್ತು.

"ಇಲ್ಲಣ್ಣಾ," ಎಂದ. "ಎಲ್ಲಾ ಸರಿ ಐತಿ. ನೀ ಹೆಚ್ಚು."